ಪಟ್ಟಣವೊಂದು ನಗರವಾಗುವುದು ಯಾವ ಲೆಕ್ಕದಲ್ಲಿ?

ರಾಯಚೂರು, ಬೀದರ್ ಮತ್ತು ಹಾಸನದ ನಗರಸಭೆಗಳನ್ನು ಮಹಾನಗರ ಪಾಲಿಕೆಗಳಾಗಿ ಮೇಲ್ದರ್ಜೆಗೇರಿಸುವ ನಿರ್ಧಾರವನ್ನು ರಾಜ್ಯ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಕೈಗೊಂಡಿದೆ. 2011ರ ಜನಗಣತಿಯ ಪ್ರಕಾರ ರಾಯಚೂರು ನಗರಸಭೆಯ ವ್ಯಾಪ್ತಿಯಲ್ಲಿದ್ದವರು ಸುಮಾರು 2.3 ಲಕ್ಷ ಜನ, ಬೀದರಿನಲ್ಲಿ ಸುಮಾರು 2.1 ಲಕ್ಷ, ಹಾಸನದಲ್ಲಿ ಸುಮಾರು 1.3 ಲಕ್ಷ. ಮಹಾನಗರ ಪಾಲಿಕೆಯಾಗಲು ಕಾನೂನು ಕೇಳುವ ಜನಸಂಖ್ಯೆಯಾದರೋ ಕನಿಷ್ಠ 3 ಲಕ್ಷ. ಈ ಅಂತರವನ್ನು ತುಂಬಲು ಇರುವ ದಾರಿಗಳು ಎರಡೇ: ಹದಿನೈದು ವರ್ಷಗಳಲ್ಲಿ ಊರು ಬೆಳೆದಿದೆ ಎಂಬ ಅಂದಾಜನ್ನು ನೆಚ್ಚಿಕೊಳ್ಳುವುದು, ಇಲ್ಲವೆ ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸಿಕೊಂಡು ಊರಿನ ಗಡಿಯನ್ನೇ ಹಿಗ್ಗಿಸುವುದು. ಅಲ್ಲಿಗೆ, ಒಂದು ಊರು ನಗರವಾಗಲು ಬೇಕಾದ ಸಂಖ್ಯೆಯು ಆ ಊರಿನ ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂದಾಯಿತು. ಹಾಗಾದರೆ ಪಟ್ಟಣ ಯಾವುದು, ನಗರ ಯಾವುದು ಎಂದು ಅಧಿಕೃತವಾಗಿ ತೀರ್ಮಾನಿಸುವವರು ಯಾರು, ಯಾವ ಅಳತೆಗೋಲಿನಿಂದ, ಆ ತೀರ್ಮಾನದಿಂದ ಅಲ್ಲಿ ಬದುಕುವವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಸಂವಿಧಾನ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿಯು ನಗರಾಡಳಿತಕ್ಕೆ ಪ್ರತ್ಯೇಕ ಭಾಗವೊಂದನ್ನೇ ಸಂವಿಧಾನದಲ್ಲಿ ಸೇರಿಸಿತು. ಅದರ 243-ಕ್ಯೂ ವಿಧಿಯು ಮೂರು ಬಗೆಯ ಸಂಸ್ಥೆಗಳನ್ನು ಹೇಳುತ್ತದೆ. ಹಳ್ಳಿಯ ಸ್ಥಿತಿಯಿಂದ ಪಟ್ಟಣದ ಸ್ಥಿತಿಗೆ ಹೊರಳುತ್ತಿರುವ ಪ್ರದೇಶಕ್ಕೆ ನಗರ ಪಂಚಾಯಿತಿ, ಚಿಕ್ಕ ನಗರ ಪ್ರದೇಶಕ್ಕೆ ಪೌರ ಮಂಡಳಿ, ದೊಡ್ಡ ನಗರ ಪ್ರದೇಶಕ್ಕೆ ಪಾಲಿಕೆ. ಆದರೆ ಚಿಕ್ಕದು ಎಂದರೆ ಎಷ್ಟು, ದೊಡ್ಡದು ಎಂದರೆ ಎಷ್ಟು ಎಂದು ಸಂವಿಧಾನ ಎಲ್ಲಿಯೂ ಅಂಕಿ ನಮೂದಿಸುವುದಿಲ್ಲ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಹುಟ್ಟುವ ವರಮಾನ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಮಹತ್ವ ಮತ್ತು ತಮಗೆ ಸೂಕ್ತವೆನಿಸಿದ ಇತರ ಅಂಶಗಳನ್ನು ಗಮನದಲ್ಲಿಟ್ಟುಕೊಂಡು ರಾಜ್ಯಪಾಲರು ಸಾರ್ವಜನಿಕ ಅಧಿಸೂಚನೆಯ ಮೂಲಕ ಅದನ್ನು ನಿರ್ದಿಷ್ಟಪಡಿಸಬಹುದು ಎಂದಷ್ಟೇ ಹೇಳುತ್ತದೆ. ರಾಜ್ಯಪಾಲರೆಂದರೆ ಇಲ್ಲಿ ಕಾರ್ಯತಃ ರಾಜ್ಯ ಸಚಿವ ಸಂಪುಟ. ಪಟ್ಟಿಯ ಕೊನೆಯಲ್ಲಿರುವ ‘ಇತರ ಅಂಶಗಳು’ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಬಹುತೇಕ ತಕರಾರುಗಳು ಹುಟ್ಟುವುದು ಅಲ್ಲಿಂದಲೇ.

ಅಂಕಿಗಳನ್ನು ಒದಗಿಸುವುದು ರಾಜ್ಯದ ಕಾಯ್ದೆಗಳು. ಕರ್ನಾಟಕದಲ್ಲಿ ಅಂಥವು ಮುಖ್ಯವಾಗಿ ಎರಡು: 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಮತ್ತು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ. ಏಕೀಕರಣದ ನಂತರವೂ ಕೆಲವು ವರ್ಷ ನಮ್ಮ ಊರುಗಳು ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಮತ್ತು ಹಳೆ ಮೈಸೂರಿನ ಬೇರೆಬೇರೆ ಕಾನೂನುಗಳ ಅಡಿಯಲ್ಲಿಯೇ ನಡೆಯುತ್ತಿದ್ದವು. ಅವನ್ನೆಲ್ಲ ಒಂದು ಚೌಕಟ್ಟಿಗೆ ತಂದದ್ದು 1964ರ ಕಾಯ್ದೆ. 74ನೇ ತಿದ್ದುಪಡಿಗೆ ಹೊಂದುವಂತೆ ಈ ಎರಡೂ ಕಾಯ್ದೆಗಳನ್ನು ಆಮೇಲೆ ಮಾರ್ಪಡಿಸಲಾಯಿತು.

ಅವುಗಳ ಪ್ರಕಾರ 10 ಸಾವಿರದಿಂದ 20 ಸಾವಿರದೊಳಗಿನ ಜನಸಂಖ್ಯೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ ಮತ್ತು ಒಟ್ಟು ಉದ್ಯೋಗದಲ್ಲಿ ಕನಿಷ್ಠ ಅರ್ಧದಷ್ಟು ಕೃಷಿಯೇತರ ಉದ್ಯೋಗವಿದ್ದರೆ ಆ ಊರು ಪಟ್ಟಣ ಪಂಚಾಯಿತಿ, ಅಂದರೆ ಸಂವಿಧಾನ ಹೇಳುವ ನಗರ ಪಂಚಾಯಿತಿ, ಆಗಬಹುದು. ಜನಸಂಖ್ಯೆ 20 ಸಾವಿರ ದಾಟಿ, ಸಾಂದ್ರತೆ 1,500 ಮುಟ್ಟಿ, ವರಮಾನದ ಷರತ್ತೂ ಪೂರೈಸಿದರೆ ಪುರಸಭೆ. ಜನಸಂಖ್ಯೆ 50 ಸಾವಿರ ದಾಟಿದರೆ ನಗರಸಭೆ. 3 ಲಕ್ಷ ಜನ, ಚದರ ಕಿಲೋಮೀಟರಿಗೆ 3,000 ಸಾಂದ್ರತೆ, ವರ್ಷಕ್ಕೆ 6 ಕೋಟಿ ರೂಪಾಯಿ ಅಥವಾ ತಲಾ 200 ರೂಪಾಯಿಯಂತೆ ಲೆಕ್ಕಹಾಕಿದ ಮೊತ್ತ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸ್ಥಳೀಯ ವರಮಾನ, ಜೊತೆಗೆ ಅರ್ಧಕ್ಕೆ ಕಡಿಮೆಯಿಲ್ಲದ ಕೃಷಿಯೇತರ ಉದ್ಯೋಗ ಇದ್ದರೆ ಮಹಾನಗರ ಪಾಲಿಕೆ. ಆದ್ದರಿಂದ ‘ಪಟ್ಟಣಕ್ಕೂ ನಗರಕ್ಕೂ ಅಧಿಕೃತ ವ್ಯತ್ಯಾಸವೇನು’ ಎಂಬ ಪ್ರಶ್ನೆಗೆ ಕರ್ನಾಟಕದ ಪೌರ ಕಾನೂನಿನೊಳಗೆ ಸಿಗುವ ನೇರ ಉತ್ತರವೆಂದರೆ 50 ಸಾವಿರ ಜನಸಂಖ್ಯೆಯ ಗೆರೆ. ಅದರ ಕೆಳಗಿನದು ಪುರಸಭೆ, ಮೇಲಿನದು ನಗರಸಭೆ.

ಆದರೆ ಈ ಉತ್ತರವನ್ನು ಹಿಡಿದುಕೊಂಡು ಜನಗಣತಿ ಇಲಾಖೆಗೆ ಹೋದರೆ ಅಲ್ಲಿ ಬೇರೆಯೇ ಗೆರೆ ಇದೆ. ಗಣತಿಯ ಪರಿಭಾಷೆಯಲ್ಲಿ 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪಟ್ಟಣ ಮಾತ್ರ ನಗರ. ಅದಕ್ಕೂ ಕೆಳಗೆ 50 ಸಾವಿರ, 20 ಸಾವಿರ, 10 ಸಾವಿರ, 5 ಸಾವಿರ ಎಂದು ಗೆರೆಗಳನ್ನು ಎಳೆದು ಪಟ್ಟಣಗಳನ್ನು ಒಟ್ಟು ಆರು ವರ್ಗಗಳಾಗಿ ವಿಂಗಡಿಸಲಾಗಿದೆ. ಹೀಗಾಗಿ 60 ಸಾವಿರ ಜನರ ಊರೊಂದು ರಾಜ್ಯದ ಕಾನೂನಿನಲ್ಲಿ ನಗರವಾಗಿದ್ದು ಗಣತಿಯ ಪುಸ್ತಕದಲ್ಲಿ ಪಟ್ಟಣವಾಗಿರುತ್ತದೆ. ರಿಸರ್ವ್ ಬ್ಯಾಂಕಿನ ವಿಂಗಡಣೆಯಲ್ಲಿ 10 ಸಾವಿರಕ್ಕಿಂತ ಕಡಿಮೆ ಜನರಿರುವ ಕೇಂದ್ರ ಗ್ರಾಮೀಣ, 1 ಲಕ್ಷದವರೆಗೆ ಅರೆ ನಗರ, 10 ಲಕ್ಷದವರೆಗೆ ನಗರ, ಅದರಾಚೆಗೆ ಮಹಾನಗರ. ಕೇಂದ್ರ ಸರ್ಕಾರದ ನೌಕರರ ಮನೆ ಬಾಡಿಗೆ ಭತ್ಯೆಗೆ 5 ಲಕ್ಷ ಮತ್ತು 50 ಲಕ್ಷದ ಇನ್ನೆರಡು ಗೆರೆಗಳಿವೆ; ಆ ಲೆಕ್ಕದಲ್ಲಿ ಬೆಂಗಳೂರು ಮೇಲಿನ ದರ್ಜೆ, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಡುವಿನ ದರ್ಜೆ, ದಾವಣಗೆರೆ ಪಾಲಿಕೆಯಾಗಿದ್ದರೂ ಉಳಿದೆಲ್ಲ ಊರುಗಳ ಸಾಲಿನಲ್ಲಿ ಕೆಳಗಿನ ದರ್ಜೆ. ಒಂದೇ ಊರು ಒಂದೇ ದಿನ ಒಂದು ಕಚೇರಿಗೆ ನಗರ, ಇನ್ನೊಂದಕ್ಕೆ ಪಟ್ಟಣ, ಮತ್ತೊಂದಕ್ಕೆ ಅರೆ ನಗರ. ಪ್ರತಿ ಕಚೇರಿಗೂ ತನ್ನದೇ ಉದ್ದೇಶವಿರುವುದರಿಂದ ಇದರಲ್ಲಿ ತಪ್ಪೇನೂ ಇಲ್ಲ. ಗೊಂದಲವಾಗುವುದು ಒಂದು ಉದ್ದೇಶದ ಗೆರೆಯನ್ನು ಇನ್ನೊಂದು ಉದ್ದೇಶಕ್ಕೆ ಬಳಸಿದಾಗ.

ಜನಗಣತಿಯವರ ಇನ್ನೊಂದು ಪರಿಕಲ್ಪನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ನಮ್ಮ ನಗರೀಕರಣದ ನಿಜವಾದ ತೊಡಕು ಅಲ್ಲಿ ಕಾಣಿಸುತ್ತದೆ. ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ನಗರ ಸ್ಥಳೀಯ ಸಂಸ್ಥೆ ಎಂದು ಘೋಷಿಸಿರುವ ಊರುಗಳೆಲ್ಲವೂ ಗಣತಿಗೆ ಶಾಸನಬದ್ಧ ಪಟ್ಟಣಗಳು. ಅವುಗಳ ಹೊರಗೆ, ಇನ್ನೂ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿಯೇ ಇದ್ದರೂ, ಕನಿಷ್ಠ 5 ಸಾವಿರ ಜನರಿದ್ದು, ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಮಂದಿ ಕೃಷಿಯೇತರ ಕೆಲಸದಲ್ಲಿದ್ದು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆಯಿರುವ ಊರುಗಳನ್ನು ‘ಜನಗಣತಿ ಪಟ್ಟಣ’ ಎಂದು ಎಣಿಸಲಾಗುತ್ತದೆ. ಈ ಮಾನದಂಡಗಳು ಮೂಲತಃ 1961ರ ಗಣತಿಯಿಂದ ಬಂದವು. ಹೆಂಗಸರ ದುಡಿಮೆ ಈ ಲೆಕ್ಕದಲ್ಲಿ ಇಂದಿಗೂ ಇಲ್ಲ. ಬೀಡಿ ಕಟ್ಟುವ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ, ಗೋಡಂಬಿ ಸಂಸ್ಕರಣೆಯಲ್ಲಿ ದುಡಿಯುವ ಸಾವಿರಾರು ಹೆಂಗಸರಿರುವ ನಾಡಿನಲ್ಲಿ ಊರಿನ ಸ್ವಭಾವವನ್ನು ಗಂಡಸರ ಕೆಲಸದಿಂದ ಮಾತ್ರ ಅಳೆಯುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ದೇಶದಲ್ಲಿ ಇಂಥ ಜನಗಣತಿ ಪಟ್ಟಣಗಳು 2001ರಲ್ಲಿ 1,362 ಇದ್ದವು. 2011ರ ಹೊತ್ತಿಗೆ ಸುಮಾರು 3,900ಕ್ಕೆ ಏರಿದವು. ಅದೇ ಹತ್ತು ವರ್ಷಗಳಲ್ಲಿ ಶಾಸನಬದ್ಧ ಪಟ್ಟಣಗಳ ಸಂಖ್ಯೆ 3,799ರಿಂದ 4,041ಕ್ಕೆ ಮಾತ್ರ ಏರಿತು. ಕರ್ನಾಟಕದ 347 ಪಟ್ಟಣಗಳ ಪೈಕಿ 127 ಜನಗಣತಿ ಪಟ್ಟಣಗಳಾಗಿದ್ದವು. ಕೇರಳದ ಸ್ಥಿತಿಯಂತೂ ಇನ್ನೂ ಗಮನಾರ್ಹ: ಅಲ್ಲಿನ 520 ಪಟ್ಟಣಗಳಲ್ಲಿ 461 ಊರುಗಳನ್ನು ಗಣತಿಯು ಪಟ್ಟಣವೆಂದು ಕರೆದರೂ ರಾಜ್ಯವು ಗ್ರಾಮ ಪಂಚಾಯಿತಿಯಾಗಿಯೇ ಉಳಿಸಿಕೊಂಡಿತ್ತು. ಅಂದರೆ ಊರುಗಳು ತಮ್ಮಷ್ಟಕ್ಕೆ ತಾವು ಪಟ್ಟಣಗಳಾಗುತ್ತಿವೆ, ಸರ್ಕಾರಗಳು ಮಾತ್ರ ಅವನ್ನು ಹಾಗೆಂದು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುತ್ತಿವೆ. ಮಂಗಳೂರಿನ ಪಕ್ಕದ ಸೋಮೇಶ್ವರ ಇದಕ್ಕೆ ಒಳ್ಳೆಯ ಉದಾಹರಣೆ. 2011ರಲ್ಲಿ ಅಲ್ಲಿನ ಜನಸಂಖ್ಯೆ 20 ಸಾವಿರ ದಾಟಿತ್ತು, ಗಣತಿಯ ಪಟ್ಟಿಯಲ್ಲಿ ಅದು ಪಟ್ಟಣವೇ ಆಗಿತ್ತು. ಆದರೂ ಗ್ರಾಮ ಪಂಚಾಯಿತಿಯಾಗಿಯೇ ವರ್ಷಗಟ್ಟಲೆ ನಡೆದು ಆಮೇಲೆ ಪುರಸಭೆಯಾಯಿತು.

ಸರ್ಕಾರಗಳು ಏಕೆ ಹಿಂಜರಿಯುತ್ತವೆ, ಮತ್ತೆ ಕೆಲವೊಮ್ಮೆ ಏಕೆ ಆತುರಪಡುತ್ತವೆ ಎಂಬುದಕ್ಕೆ ಕಾರಣ ಹಣದಲ್ಲಿದೆ. ತಮಿಳುನಾಡಿನಲ್ಲಿ 2004ರಲ್ಲಿ 500ಕ್ಕೂ ಹೆಚ್ಚು ಪಟ್ಟಣ ಪಂಚಾಯಿತಿಗಳನ್ನು ಒಂದೇ ಏಟಿಗೆ ‘ವಿಶೇಷ ಗ್ರಾಮ ಪಂಚಾಯಿತಿ’ಗಳೆಂದು ಬದಲಾಯಿಸಲಾಯಿತು. ಗ್ರಾಮೀಣ ಅಭಿವೃದ್ಧಿಗೆ ಮೀಸಲಾದ ಅನುದಾನಗಳು ಆ ಊರುಗಳಿಗೂ ಸಿಗಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರವಾಗಿತ್ತು. ಎರಡು ವರ್ಷ ಕಳೆದು, ಸರ್ಕಾರ ಬದಲಾದ ಮೇಲೆ, 2006ರಲ್ಲಿ ಅವನ್ನೆಲ್ಲ ಮತ್ತೆ ಪಟ್ಟಣ ಪಂಚಾಯಿತಿಗಳಾಗಿ ಮಾಡಲಾಯಿತು. ಈ ಅವಧಿಯಲ್ಲಿ ಆ ಊರುಗಳ ಬೀದಿಗಳಾಗಲಿ, ಅಂಗಡಿಗಳಾಗಲಿ, ಜನರ ಕಸುಬಾಗಲಿ ಬದಲಾಗಿರಲಿಲ್ಲ. ಬದಲಾದದ್ದು ರಾಜ್ಯಪತ್ರದ ಒಂದು ಅಧಿಸೂಚನೆ ಮಾತ್ರ.

ಇದನ್ನು ಬ್ರಿಟನ್ನಿನ ಪದ್ಧತಿಯೊಂದಿಗೆ ಹೋಲಿಸಿ ನೋಡುವುದು ಉಪಯುಕ್ತ. ಅಲ್ಲಿ ನಗರ ಎಂಬುದು ರಾಜಮನೆತನ ದಯಪಾಲಿಸುವ ಗೌರವ. ವೇಲ್ಸಿನ ಸೇಂಟ್ ಡೇವಿಡ್ಸ್ ಎರಡು ಸಾವಿರದಷ್ಟು ಜನರೂ ಇಲ್ಲದ ಊರಾಗಿದ್ದು ಅಧಿಕೃತವಾಗಿ ನಗರ; ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ರೆಡಿಂಗ್ ಇಂದಿಗೂ ಪಟ್ಟಣ. 2022ರಲ್ಲಿ ರಾಣಿ ಎರಡನೇ ಎಲಿಜಬೆತ್ ಅವರ ಆಳ್ವಿಕೆಯ ಎಪ್ಪತ್ತನೇ ವರ್ಷದ ನೆನಪಿಗೆ ಮಿಲ್ಟನ್ ಕೀನ್ಸ್, ಕೋಲ್ಚೆಸ್ಟರ್ ಸೇರಿದಂತೆ ಎಂಟು ಊರುಗಳಿಗೆ ಈ ಗೌರವ ದೊರೆಯಿತು. ಅಲ್ಲಿ ಈ ಬಿರುದಿನಿಂದ ಊರಿನ ಆಡಳಿತಕ್ಕೆ ಹೊಸ ಅಧಿಕಾರವಾಗಲಿ ಹೊಸ ಅನುದಾನವಾಗಲಿ ಬರುವುದಿಲ್ಲ. ನಮ್ಮಲ್ಲಿ ಅದಕ್ಕೆ ವಿರುದ್ಧವಾಗಿ ಅನುದಾನ, ತೆರಿಗೆ, ಚುನಾವಣೆ, ಸಿಬ್ಬಂದಿ, ಆಸ್ತಿಯ ದಾಖಲೆ, ಕಡೆಗೆ ಮಕ್ಕಳ ಮೀಸಲಾತಿಯವರೆಗೆ ಎಲ್ಲವೂ ಈ ಹೆಸರಿಗೆ ಕಟ್ಟಿಬಿದ್ದಿವೆ. ಆದ್ದರಿಂದಲೇ ಇಲ್ಲಿ ಹೆಸರು ಬದಲಾಯಿಸುವುದನ್ನು ಗೌರವದ ಪ್ರಶ್ನೆಯಾಗಿ ನೋಡುವುದು ಸಾಲದು.

ಊರು ದರ್ಜೆಯೇರಿದ ಮರುದಿನದಿಂದ ಏನು ಬದಲಾಗುತ್ತದೆ ಎಂಬುದನ್ನು ಕೆಳಗಿನಿಂದ ನೋಡುತ್ತ ಬರೋಣ. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾದಾಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇದ್ದ ಜಾಗಕ್ಕೆ ಮುಖ್ಯಾಧಿಕಾರಿ ಬರುತ್ತಾರೆ; ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಯಿಂದ ಊರು ಪೌರಾಡಳಿತ ಇಲಾಖೆಯ ಕೈಗೆ ಹೋಗುತ್ತದೆ. ಗ್ರಾಮಸಭೆ ಇಲ್ಲವಾಗುತ್ತದೆ. ಮನೆ, ನಿವೇಶನಗಳ ನಮೂನೆ 9 ಮತ್ತು 11ರ ಬದಲು ನಗರ ಪ್ರದೇಶದ ಇ-ಆಸ್ತಿ ದಾಖಲೆ ಮಾಡಿಸಿಕೊಳ್ಳಬೇಕಾಗುತ್ತದೆ. ಆಸ್ತಿ ತೆರಿಗೆಯನ್ನು ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರಕ್ಕೆ ಹೊಂದಿಸಿ ಲೆಕ್ಕಹಾಕಲಾಗುತ್ತದೆ. ಹೆದ್ದಾರಿ ಪಕ್ಕದ, ನಿವೇಶನದ ಬೆಲೆ ಏರಿರುವ ಊರಿನಲ್ಲಿ ಅದು ಸಾಮಾನ್ಯವಾಗಿ ಹಿಂದಿನದಕ್ಕಿಂತ ಹೆಚ್ಚೇ ಆಗುತ್ತದೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ಅಲ್ಲಿನ ಕೂಲಿಕಾರರು ಇನ್ನು ಅರ್ಹರಲ್ಲ. ಗ್ರಾಮೀಣ ವಸತಿ ಯೋಜನೆಯ ಬದಲು ನಗರ ವಸತಿ ಯೋಜನೆಯ ಸಾಲಿನಲ್ಲಿ ನಿಲ್ಲಬೇಕು. ಹತ್ತು ಸಾವಿರ ಜನರಿರುವ ಊರಿನಲ್ಲಿ ಅರ್ಧದಷ್ಟು ಉದ್ಯೋಗ ಕೃಷಿಯೇತರವಾಗಿದೆ ಎಂದರೆ ಇನ್ನರ್ಧ ಕೃಷಿಯದ್ದೇ ಎಂದು ಅರ್ಥ. ಆ ಅರ್ಧದ ಜನಕ್ಕೆ ಈ ಬದಲಾವಣೆ ನೇರವಾದ ನಷ್ಟ.

ಶಾಲೆಗೆ ಹೋಗುವ ಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮ. ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಶೇ 15 ಮತ್ತು ಸರ್ಕಾರಿ ನೇಮಕಾತಿಯಲ್ಲಿ ಶೇ 25ರಷ್ಟು ಸ್ಥಾನಗಳು ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲಾಗಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರುವುದು ಇದಕ್ಕೆ ಅರ್ಹತೆ. ಗ್ರಾಮೀಣ ಪ್ರದೇಶ ಎಂದರೆ ಯಾವುದು ಎಂಬ ಪ್ರಶ್ನೆಗೆ ನೇಮಕಾತಿಯ ಕಾನೂನು ಕೊಡುವ ಉತ್ತರ, ಪೌರ ಕಾಯ್ದೆಗಳಡಿ ದೊಡ್ಡ ನಗರ ಪ್ರದೇಶ, ಚಿಕ್ಕ ನಗರ ಪ್ರದೇಶ ಅಥವಾ ಪರಿವರ್ತನೆಯ ಹಂತದ ಪ್ರದೇಶ ಎಂದು ನಿರ್ದಿಷ್ಟಪಡಿಸದೇ ಇರುವ ಊರು ಎಂದೇ. ಪಟ್ಟಣ ಪಂಚಾಯಿತಿಯಾದ ಊರಿನ ಸರ್ಕಾರಿ ಶಾಲೆಯ ಕೊಠಡಿ ಹಿಂದಿನದೇ, ಮೇಷ್ಟ್ರು ಹಿಂದಿನವರೇ, ಇಂಗ್ಲಿಷಿನ ಕಲಿಕೆಯೂ ಹಿಂದಿನಷ್ಟೇ. ಆದರೆ ಹೊಸದಾಗಿ ಒಂದನೇ ತರಗತಿಗೆ ಸೇರುವ ಮಗು ನಗರದ ಮಗು ಎನಿಸಿಕೊಂಡು ಬೆಂಗಳೂರಿನ ಮಕ್ಕಳೊಡನೆ ಸ್ಪರ್ಧಿಸಬೇಕಾಗುತ್ತದೆ. ಗಡಿಯಾಚೆಯ ಮುಂದಿನ ಹಳ್ಳಿಯ ಮಗುವಿಗೆ ಈ ಮೀಸಲಾತಿ ಉಳಿದಿರುತ್ತದೆ. ಮೇಲ್ದರ್ಜೆಯ ಪ್ರಸ್ತಾವ ಬಂದಾಗ ರಸ್ತೆ, ಒಳಚರಂಡಿ, ಅನುದಾನಗಳ ಮಾತು ಕೇಳಿಬರುವಷ್ಟು ಈ ಮಾತು ಕೇಳಿಬರುವುದಿಲ್ಲ. ಅದು ಕೇಳಿಬರಲೇಬೇಕು.

ಇನ್ನೊಂದು ಬದಲಾವಣೆ ಪ್ರಾತಿನಿಧ್ಯದ್ದು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯರಿರಬೇಕೆಂಬುದು ನಿಯಮ. 12 ಸಾವಿರ ಜನರ ಪಂಚಾಯಿತಿಯಾದರೆ ಸದಸ್ಯರು ಮೂವತ್ತು. ಅದೇ ಊರು ಪಟ್ಟಣ ಪಂಚಾಯಿತಿಯಾದರೆ ವಾರ್ಡುಗಳು ಸಾಮಾನ್ಯವಾಗಿ ಇಪ್ಪತ್ತನ್ನು ಮೀರುವುದಿಲ್ಲ. 20 ಸಾವಿರದಿಂದ 40 ಸಾವಿರ ಜನರ ಪುರಸಭೆಗೆ 23 ವಾರ್ಡುಗಳು, 50 ಸಾವಿರದವರೆಗೆ 27, 1 ಲಕ್ಷದವರೆಗಿನ ನಗರಸಭೆಗೆ 31, ಅದರ ಮೇಲೆ 35. ಮಂಡ್ಯ ನಗರಸಭೆಯ 35 ವಾರ್ಡುಗಳಿಗೆ 2011ರ ಜನಸಂಖ್ಯೆಯನ್ನು ಹಂಚಿದರೆ ಒಂದು ವಾರ್ಡಿಗೆ ಹತ್ತಿರ ಹತ್ತಿರ 4 ಸಾವಿರ ಜನ. ಮಹಾನಗರ ಪಾಲಿಕೆಯಾಗಿರುವ ಶಿವಮೊಗ್ಗದಲ್ಲಿ ಇರುವುದೂ 35 ವಾರ್ಡುಗಳೇ, ಆದರೆ ಅಲ್ಲಿನ ಜನಸಂಖ್ಯೆ 3.2 ಲಕ್ಷವಾದ್ದರಿಂದ ಒಂದು ವಾರ್ಡಿಗೆ 9 ಸಾವಿರಕ್ಕೂ ಹೆಚ್ಚು ಜನ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಕಾಲದಲ್ಲಿ ಸರಾಸರಿ ಒಬ್ಬ ಕಾರ್ಪೊರೇಟರಿಗೆ 42 ಸಾವಿರ ಜನರಿದ್ದರು. ಹೀಗೆ 400ರಿಂದ 42 ಸಾವಿರದವರೆಗೆ ಮೆಟ್ಟಿಲು ಏರಿದಂತೆಲ್ಲ ಪ್ರಜೆಗೂ ಪ್ರತಿನಿಧಿಗೂ ನಡುವಿನ ದೂರ ಹೆಚ್ಚುತ್ತ ಹೋಗುತ್ತದೆ. ನಗರದಲ್ಲಿ ಸಂಸ್ಥೆ ದೊಡ್ಡದಿರಬೇಕು ಎಂಬುದನ್ನು ಒಪ್ಪಬಹುದು. ಆದರೆ ಆ ದೂರವನ್ನು ತಗ್ಗಿಸಲು ಸಂವಿಧಾನವೇ ಹೇಳಿರುವ ವಾರ್ಡ್ ಸಮಿತಿಗಳು, 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಕಡ್ಡಾಯವಾಗಿದ್ದರೂ, ಬಹಳ ಕಡೆ ಹೆಸರಿಗಷ್ಟೇ ಇವೆ.

ಚುನಾವಣೆಯೇ ನಡೆಯದ ಅಪಾಯವೂ ದರ್ಜೆ ಬದಲಾವಣೆಯೊಂದಿಗೆ ಬರುತ್ತದೆ. ಗಡಿ ಬದಲಾದರೆ ವಾರ್ಡುಗಳನ್ನು ಮರುವಿಂಗಡಿಸಬೇಕು, ಮೀಸಲಾತಿ ಪಟ್ಟಿ ಹೊಸದಾಗಿ ಆಗಬೇಕು, ಅದರ ಮೇಲೆ ನ್ಯಾಯಾಲಯದಲ್ಲಿ ತಕರಾರು ಬೀಳುತ್ತದೆ, ಅಷ್ಟರವರೆಗೆ ಆಡಳಿತಾಧಿಕಾರಿಯ ಕೈಯಲ್ಲಿ ಊರು. ಬೆಂಗಳೂರಿನಲ್ಲಿ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತಿದ್ದರೂ ರಾಜ್ಯದ ಅತಿ ದೊಡ್ಡ ನಗರದ ಸ್ಥಿತಿ ಇದು.

ಇಷ್ಟೆಲ್ಲ ಕಳೆದುಕೊಂಡ ಮೇಲೆ ಊರಿಗೆ ಸಿಗುವುದೇನು? ಸಿಗಬೇಕಾದ್ದು ಬಹಳ ಇದೆ, ಮತ್ತು ಅದನ್ನು ಕಡೆಗಣಿಸಿ ದರ್ಜೆ ಏರಿಸುವುದೇ ತಪ್ಪು ಎನ್ನುವುದು ನನ್ನ ವಾದವಲ್ಲ. ಹಳ್ಳಿಯ ಪಂಚಾಯಿತಿ ವ್ಯವಸ್ಥೆಯಲ್ಲಿ ಒಳಚರಂಡಿ ಜಾಲಕ್ಕೆ, ಕಸ ವಿಲೇವಾರಿಯ ಘಟಕಕ್ಕೆ, ಕಟ್ಟಡ ನಕ್ಷೆಯ ಪರಿಶೀಲನೆಗೆ ಬೇಕಾದ ಎಂಜಿನಿಯರುಗಳೂ ಇರುವುದಿಲ್ಲ, ಹಣವೂ ಇರುವುದಿಲ್ಲ. 20 ಸಾವಿರ ಜನ ಒತ್ತೊತ್ತಾಗಿ ಬದುಕುವ ಊರಿನ ಕೊಳಚೆ ನೀರು ಕೆರೆಗೆ ಸೇರುತ್ತಿದ್ದರೆ ಅದನ್ನು ಗ್ರಾಮ ಪಂಚಾಯಿತಿಯಾಗಿ ಇಟ್ಟುಕೊಳ್ಳುವುದು ಆ ಜನರಿಗೆ ಮಾಡುವ ಉಪಕಾರವೇನಲ್ಲ. ನಗರ ಸ್ಥಳೀಯ ಸಂಸ್ಥೆಗಳು ವಹಿಸಿಕೊಳ್ಳಬಹುದಾದ 18 ವಿಷಯಗಳನ್ನು ಸಂವಿಧಾನದ 12ನೇ ಅನುಸೂಚಿ ಪಟ್ಟಿಮಾಡಿದೆ: ಯೋಜನೆ, ರಸ್ತೆ, ನೀರು ಪೂರೈಕೆ, ನೈರ್ಮಲ್ಯ, ಅಗ್ನಿಶಾಮಕ ಸೇವೆ, ಕೊಳೆಗೇರಿ ಸುಧಾರಣೆ ಇತ್ಯಾದಿ. 2015ರ ಅಮೃತ್ ಯೋಜನೆಯಂಥ ಕಾರ್ಯಕ್ರಮಗಳು ಮುಖ್ಯವಾಗಿ 1 ಲಕ್ಷಕ್ಕೂ ಮೇಲ್ಪಟ್ಟ ಊರುಗಳಿಗೇ ಮೀಸಲಾಗಿದ್ದವು. ಪಾಲಿಕೆಗೆ ಹಿರಿಯ ದರ್ಜೆಯ ಆಯುಕ್ತರು, ದೊಡ್ಡ ತಾಂತ್ರಿಕ ವಿಭಾಗ, ಹೆಚ್ಚಿನ ಸಾಲ ಎತ್ತುವ ಸಾಮರ್ಥ್ಯ ಬರುತ್ತವೆ.

ಆದರೆ ಇವೆಲ್ಲ ಬರುವುದು ಯಾವಾಗ ಎಂಬಲ್ಲಿ ನನಗೆ ಆತಂಕವಿದೆ. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಬೆಂಗಳೂರು ಪಾಲಿಕೆಗೆ ಸೇರಿಸಿ ಬಿಬಿಎಂಪಿ ರಚಿಸಲಾಯಿತು. ಅಂದಿನಿಂದ ಆ 110 ಹಳ್ಳಿಗಳ ಜನ ಕಾನೂನಿನ ಕಣ್ಣಿನಲ್ಲಿ ಮಹಾನಗರದ ನಿವಾಸಿಗಳು. ಪಾಲಿಕೆಗೆ ತೆರಿಗೆ ಕಟ್ಟಿದರು, ಪಾಲಿಕೆಯ ಕಟ್ಟಡ ನಿಯಮಗಳಿಗೆ ಒಳಪಟ್ಟರು. ಅವರಿಗಾಗಿಯೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವೆ ಹದಿನೇಳು ವರ್ಷ. ಅಷ್ಟು ಕಾಲ ಅಲ್ಲಿನವರು ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿಕೊಂಡಿದ್ದರು. 2024ರ ಬೇಸಿಗೆಯಲ್ಲಿ ಆ ಕೊಳವೆಬಾವಿಗಳೂ ಬತ್ತಿದವು. ನಗರದ ಹೊಣೆಗಳು ಅಧಿಸೂಚನೆಯ ದಿನವೇ ಜನರ ಹೆಗಲೇರಿದವು, ನಗರದ ಹಕ್ಕುಗಳು ಒಂದು ತಲೆಮಾರು ಬೆಳೆಯುವಷ್ಟು ತಡವಾಗಿ ಬಂದವು. ಹಳ್ಳಿಗಳನ್ನು ಸೇರಿಸಿಕೊಂಡು ಪಾಲಿಕೆ ಮಾಡಲು ಹೊರಟಿರುವ ಪ್ರತಿಯೊಂದು ಊರೂ ಈ ಅನುಭವವನ್ನು ಮುಂದಿಟ್ಟುಕೊಂಡು ಮಾತನಾಡಬೇಕು.

ಮೈಸೂರಿನ ಹೊರವಲಯದಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತಿದೆ. 2020ರಲ್ಲಿ ಅಲ್ಲಿ ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಹೊಸದಾಗಿ ರಚಿಸಲಾಯಿತು. ಅವು ಸ್ವಂತ ಕಾಲಿನ ಮೇಲೆ ನಿಲ್ಲುವಷ್ಟರಲ್ಲಿಯೇ ಅವನ್ನೆಲ್ಲ ಮೈಸೂರು ಪಾಲಿಕೆಗೆ ಸೇರಿಸಿ ಬೃಹತ್ ಪಾಲಿಕೆ ಮಾಡುವ ಪ್ರಸ್ತಾವ ಮುಂದೆ ಬಂದಿದೆ. ಅದಕ್ಕೊಂದು ಕಾರಣವನ್ನು ಅಂಕಿಗಳಲ್ಲಿಯೇ ಕಾಣಬಹುದು. 10 ಲಕ್ಷ ದಾಟಿದ ನಗರಸಮೂಹಗಳಿಗೆ, ಅಂದರೆ ನಗರ ಮತ್ತು ಅದಕ್ಕೆ ಅಂಟಿಕೊಂಡು ಬೆಳೆದ ಊರುಗಳ ಒಟ್ಟು ಪ್ರದೇಶಕ್ಕೆ, 15ನೇ ಹಣಕಾಸು ಆಯೋಗ ಪ್ರತ್ಯೇಕ ಅನುದಾನದ ಕಟ್ಟನ್ನೇ ಮಾಡಿತ್ತು. 2011ರ ಗಣತಿಯಲ್ಲಿ ಮೈಸೂರು ನಗರಸಮೂಹದ ಜನಸಂಖ್ಯೆ 9.90 ಲಕ್ಷ. ಸುಮಾರು ಹತ್ತು ಸಾವಿರ ಜನರ ಕೊರತೆಯಿಂದ ಅದು ಆ ಸಾಲಿಗೆ ಸೇರಲಿಲ್ಲ. ಹುಬ್ಬಳ್ಳಿ-ಧಾರವಾಡವೂ 9.4 ಲಕ್ಷಕ್ಕೆ ನಿಂತಿತ್ತು. ಇಡೀ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಸಂವಿಧಾನದಲ್ಲಿ ಮಹಾನಗರ ಪ್ರದೇಶ ಎಂಬ ಪದಕ್ಕೂ 10 ಲಕ್ಷದ ಗೆರೆಯೇ ಇದೆ, ಮಹಾನಗರ ಯೋಜನಾ ಸಮಿತಿ ರಚನೆಯಾಗಬೇಕಾದದ್ದೂ ಆ ಗೆರೆ ದಾಟಿದ ಕಡೆಯೇ. ಹಾಗಿದ್ದೂ ನಮ್ಮ ಕಾನೂನಿನ ಬಳಕೆಯಲ್ಲಿ 3 ಲಕ್ಷ ಜನರ ತುಮಕೂರಿನ ಸಂಸ್ಥೆಗೂ ಮಹಾನಗರ ಪಾಲಿಕೆ ಎಂದೇ ಹೆಸರು.

ಇಲ್ಲಿಗೆ ಬರುವಾಗ, ಈ ಎಲ್ಲ ಗೆರೆಗಳೂ 2011ರ ಎಣಿಕೆಯ ಮೇಲೆ ನಿಂತಿವೆ ಎಂಬುದನ್ನು ಮರೆಯಲಾಗದು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೂಡಿಕೆಯಾಗಿ, ಮುಂದಿನ ಗಣತಿಯ ಆಧಾರ ದಿನ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಗಣತಿಯ ಸಿದ್ಧತೆಗಾಗಿ ಊರುಗಳ ಆಡಳಿತಾತ್ಮಕ ಗಡಿಗಳನ್ನು ಬದಲಾಯಿಸುವುದಿದ್ದರೆ 2025ರ ಡಿಸೆಂಬರ್ 31ರೊಳಗೆ ಮುಗಿಸಬೇಕೆಂದು ರಾಜ್ಯಗಳಿಗೆ ತಿಳಿಸಲಾಗಿತ್ತು. ಹೊಸ ಅಂಕಿ ಬರುವ ಮುನ್ನವೇ ಹಳೆಯ ಅಂಕಿಯ ಮೇಲೆ ಗಡಿಗಳನ್ನು ತೀರ್ಮಾನಿಸಿ, ಆ ಗಡಿಗಳೊಳಗೆ ಹೊಸ ಅಂಕಿಯನ್ನು ಎಣಿಸುವ ಸ್ಥಿತಿ ಇದರಿಂದ ಬಂದೊದಗಿದೆ. ಜನಸಂಖ್ಯೆಗಿಂತಲೂ ಹೆಚ್ಚು ಹಳತಾಗಿರುವುದು ಕೃಷಿಯೇತರ ಉದ್ಯೋಗದ ಲೆಕ್ಕ. ಹದಿನೈದು ವರ್ಷಗಳಲ್ಲಿ ಎಷ್ಟು ಜನ ಹೊಲ ಬಿಟ್ಟು ಬೇರೆ ಕೆಲಸಕ್ಕೆ ಹೋದರು, ಎಷ್ಟು ಜನ ಎರಡನ್ನೂ ಮಾಡುತ್ತಿದ್ದಾರೆ ಎಂಬುದನ್ನು ಊರುವಾರು ಹೇಳುವ ಅಧಿಕೃತ ಅಂಕಿ ಹೊಸ ಗಣತಿಯ ಕೋಷ್ಟಕಗಳು ಹೊರಬರುವವರೆಗೆ ನಮ್ಮ ಕೈಗೆ ಸಿಗದು.

ವರಮಾನದ ಷರತ್ತಂತೂ ತನ್ನ ಅರ್ಥವನ್ನೇ ಕಳೆದುಕೊಂಡಿದೆ. ಪುರಸಭೆಯಾಗಲು ವರ್ಷಕ್ಕೆ 9 ಲಕ್ಷ ರೂಪಾಯಿ ಅಥವಾ ತಲಾ 45 ರೂಪಾಯಿಯ ಸ್ಥಳೀಯ ವರಮಾನ ಸಾಕು ಎಂದು 74ನೇ ತಿದ್ದುಪಡಿಯ ಬೆನ್ನಿಗೆ ಬರೆದಾಗ ಅದೊಂದು ಗಂಭೀರ ಅಳತೆಯಾಗಿದ್ದಿರಬಹುದು. ಇಂದು ಆ ಮೊತ್ತದಲ್ಲಿ ಕೆಲವೇ ಪೌರಕಾರ್ಮಿಕರ ವರ್ಷದ ಸಂಬಳವೂ ಹೊಂದುವುದಿಲ್ಲ. ಊರು ತನ್ನ ಸಿಬ್ಬಂದಿಗೆ, ದೀಪಕ್ಕೆ, ನೀರಿಗೆ ತಾನೇ ಎಷ್ಟು ಗಳಿಸಬಲ್ಲದು ಎಂಬುದೇ ನಗರಕ್ಕೂ ಹಳ್ಳಿಗೂ ಇರುವ ನಿಜವಾದ ಆಡಳಿತಾತ್ಮಕ ವ್ಯತ್ಯಾಸ. ಆ ಒಂದು ಅಳತೆಯನ್ನೇ ಹೊಸ ಕಾಲಕ್ಕೆ ತಕ್ಕಂತೆ ತಿದ್ದದೆ ಬಿಟ್ಟಿದ್ದರಿಂದ ಜನಸಂಖ್ಯೆ ಒಂದೇ ಉಳಿದೆಲ್ಲದರ ಸ್ಥಾನವನ್ನು ಆಕ್ರಮಿಸಿಕೊಂಡಿದೆ. ಜನಸಂಖ್ಯೆಯನ್ನಾದರೆ ಗಡಿ ಹಿಗ್ಗಿಸಿ ಒದಗಿಸಬಹುದು. ಆದರೆ ಹಾಗೆ ಹಿಗ್ಗಿಸಿದಾಗ ಹೊಲ, ತೋಟ, ಕೆರೆ ಅಂಗಳಗಳೆಲ್ಲ ಒಳಗೆ ಬಂದು, ಚದರ ಕಿಲೋಮೀಟರಿಗೆ 3,000 ಎಂಬ ಸಾಂದ್ರತೆಯ ಷರತ್ತನ್ನು ಪೂರೈಸುವುದು ಕಷ್ಟವಾಗುತ್ತದೆ. 3 ಲಕ್ಷ ಜನರಿಗೆ 3,000 ಸಾಂದ್ರತೆ ಎಂದರೆ ಊರಿನ ವಿಸ್ತೀರ್ಣ 100 ಚದರ ಕಿಲೋಮೀಟರು ಮೀರಬಾರದು. ಪ್ರತಿ ಕರಡು ಅಧಿಸೂಚನೆಯೊಂದಿಗೂ ಈ ಸರಳ ಭಾಗಾಕಾರವನ್ನು ಮಾಡಿ ನೋಡುವ ಹಕ್ಕು ನಾಗರಿಕರಿಗಿದೆ.

ಕರಡು ಅಧಿಸೂಚನೆಯ ಹಂತಕ್ಕೆ ಕಾನೂನಿನಲ್ಲಿ ಮಹತ್ವ ಇರುವುದೂ ಆ ಕಾರಣಕ್ಕಾಗಿಯೇ. ಸರ್ಕಾರ ತನ್ನ ಉದ್ದೇಶವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ನಿಗದಿತ ಅವಧಿಯೊಳಗೆ ಆಕ್ಷೇಪಣೆ ಮತ್ತು ಸಲಹೆಗಳನ್ನು ಪಡೆದು, ಅವನ್ನು ಪರಿಶೀಲಿಸಿದ ಮೇಲೆಯೇ ಅಂತಿಮ ಅಧಿಸೂಚನೆ ಹೊರಡಿಸಬೇಕು. ಸೇರ್ಪಡೆಯಾಗಲಿರುವ ಪ್ರತಿ ಗ್ರಾಮದ ಸರ್ವೆ ನಂಬರುಗಳು, ಅಲ್ಲಿನ ಜನಸಂಖ್ಯೆ, ಸಾಂದ್ರತೆ, ಈಗ ಬರುತ್ತಿರುವ ಕಂದಾಯ, ಉದ್ಯೋಗ ಖಾತರಿಯ ಚೀಟಿ ಹೊಂದಿರುವ ಕುಟುಂಬಗಳ ಸಂಖ್ಯೆ, ಶಾಲೆಗಳ ಪಟ್ಟಿ ಇವಿಷ್ಟೂ ಆ ಕರಡಿನೊಂದಿಗೆ ಕನ್ನಡದಲ್ಲಿ ಪ್ರಕಟವಾಗಿ, ಕಡೆಯ ಗ್ರಾಮಸಭೆಯಲ್ಲಿ ಓದಿ ಹೇಳಲ್ಪಡಬೇಕು ಎಂಬುದು ನನ್ನ ಬೇಡಿಕೆ. ಜೊತೆಗೆ, ಸೇರಿದ ಹಳ್ಳಿಗೆ ನೀರಿನ ಕೊಳಾಯಿ ಮತ್ತು ಒಳಚರಂಡಿ ತಲುಪುವವರೆಗೆ ಆಸ್ತಿ ತೆರಿಗೆ ಹಳೆಯ ದರದಲ್ಲೇ ಇರಲಿ, ಗ್ರಾಮೀಣ ಶಾಲೆಯ ಮಕ್ಕಳಿಗೆ ಕನಿಷ್ಠ ಹತ್ತು ವರ್ಷ ಹಿಂದಿನ ಅರ್ಹತೆ ಮುಂದುವರಿಯಲಿ ಎಂಬ ಷರತ್ತನ್ನು ಅಂತಿಮ ಅಧಿಸೂಚನೆಯಲ್ಲಿಯೇ ಬರೆಯಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ರಾಜ್ಯದ ಎರಡು ಪೌರ ಕಾಯ್ದೆಗಳಿಗೂ ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿ ನಿಯಮಗಳಿಗೂ ವಿಧಾನಮಂಡಲದ ಒಂದು ಅಧಿವೇಶನದಲ್ಲಿ ತಿದ್ದುಪಡಿ ತಂದರೆ ಸಾಕು.